ರಾತ್ರಿ ಮೂರು ಗಂಟೆಗೆ ಸಿಗುವ ನೀರು

ಆಸ್ಟ್ರೇಲಿಯಾದ ಮೆಲ್ಬರ್ನ್ ನಗರಕ್ಕಾಗಿ ಕಟ್ಟಿದ ದೊಡ್ಡ ಸ್ಥಾವರವೊಂದು ಕಡಲ ದಂಡೆಯಲ್ಲಿದೆ. ಸಮುದ್ರದ ನೀರಿನಿಂದ ಉಪ್ಪು ತೆಗೆದು ವರ್ಷಕ್ಕೆ 15,000 ಕೋಟಿ ಲೀಟರ್ ಸಿಹಿನೀರು ಕೊಡುವ ತಾಕತ್ತು ಅದಕ್ಕಿದೆ. ವರ್ಷಗಟ್ಟಲೆ ಬರ ಕಾಡಿದಾಗ ಸರ್ಕಾರ ಈ ಕೆಲಸಕ್ಕೆ ಕೈ ಹಾಕಿತು. 2012ರಲ್ಲಿ ಕಟ್ಟಿ ಮುಗಿಯುವಷ್ಟರಲ್ಲಿ ಮಳೆ ವಾಪಸ್ ಬಂದಿತ್ತು. ನಗರ ಮೊದಲ ಸಲ ಅಲ್ಲಿಂದ ನೀರು ಕೇಳಿದ್ದು 2016ರಲ್ಲಿ. ಅಲ್ಲಿಯವರೆಗೂ ಗುತ್ತಿಗೆಯ ದುಡ್ಡು ಮಾತ್ರ ತಪ್ಪದೆ ಕಟ್ಟಬೇಕಿತ್ತು.

ಸುಮ್ನೆ ದಂಡ ಅಲ್ವಾ? ನನಗೆ ಹಾಗನ್ನಿಸುವುದಿಲ್ಲ. ಮನೆಗೆ ಬೆಂಕಿ ಬೀಳಲಿಲ್ಲ ಅಂತ ಯಾರೂ ವಿಮೆಯ ಕಂತು ವಾಪಸ್ ಕೇಳುವುದಿಲ್ಲ. ಕಂತು ಇಷ್ಟು ಭಾರವೇಕೆ ಅನ್ನುವುದೇ ಪ್ರಶ್ನೆ.

ನೀರನ್ನು ಬಿಟ್ಟು ಉಪ್ಪನ್ನು ತಡೆಯುವ ತೆಳು ಪೊರೆಯೊಂದರ ಆಚೆ ಸಮುದ್ರದ ನೀರು, ಈಚೆ ಸಿಹಿನೀರು ಇಟ್ಟು ನೋಡಿ. ಸಿಹಿನೀರೇ ಉಪ್ಪಿನ ಕಡೆಗೆ ಹೋಗುತ್ತದೆ. ಅದನ್ನು ತಡೆಯುವುದಕ್ಕೇ ವಾತಾವರಣದ ಸುಮಾರು 27 ಪಟ್ಟು ಒತ್ತಡ ಬೇಕು. ತಿರುಗಿಸಿ ಹಿಂಡಬೇಕಾದರೆ 60 ಪಟ್ಟಿನ ಆಸುಪಾಸು. ಹಾಗಾಗಿ ಸಾವಿರ ಲೀಟರಿಗೆ 3ರಿಂದ 4 ಯೂನಿಟ್ ಕರೆಂಟು ಖರ್ಚಾಗುತ್ತದೆ. ಯಂತ್ರ ಎಷ್ಟೇ ಸುಧಾರಿಸಲಿ, ಸಮುದ್ರದ ನೀರಿನಲ್ಲಿ ಅರ್ಧದಷ್ಟನ್ನು ಸಿಹಿನೀರಾಗಿ ಹಿಂಡುವುದಾದರೆ 1 ಯೂನಿಟ್‌ಗಿಂತ ಕೆಳಗಿಳಿಯಲಾಗದು.

ಚರಂಡಿ ನೀರಿನಲ್ಲಿ ಉಪ್ಪು ಎಷ್ಟೋ ಕಡಿಮೆ. ಕಡಲಿಂದ ದೂರವಿರುವ ನಮೀಬಿಯಾದ ವಿಂಡ್‌ಹುಕ್ 1968ರಲ್ಲೇ ಅದನ್ನು ಶುದ್ಧಮಾಡಿ ಕುಡಿಯತೊಡಗಿತು. ಮುಖ ಸಿಂಡರಿಸಬೇಡಿ!

ಇನ್ನೂ ಅಗ್ಗದ ನೀರು ಹಳೇ ಪೈಪುಗಳಲ್ಲೇ ಇದೆ. ಕಾಂಬೋಡಿಯಾದ ನಾಮ್ ಪೆನ್‌ನಲ್ಲಿ 1993ರಲ್ಲಿ ಶೇ. 72ರಷ್ಟು ನೀರು ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಸೋರಿಕೆ, ಕಳ್ಳ ಕನೆಕ್ಷನ್. ವಿದೇಶಿ ನೆರವಿನಲ್ಲಿ ಪೈಪು ಬದಲಿಸಿ, ಮನೆ ಮನೆಗೆ ಮೀಟರ್ ಹಾಕಿ, ಸುಮಾರು ಹದಿನೈದು ವರ್ಷದಲ್ಲಿ ಅದನ್ನು ಶೇ. 6ರ ಹತ್ತಿರಕ್ಕೆ ತಂದರು. ಆದರೂ ಇಂಥ ಕೆಲಸಕ್ಕೆ ದುಡ್ಡು ಹುಟ್ಟುವುದು ಕಷ್ಟ. ಅನುದಾನ, ಸಾಲ ಎಲ್ಲ ಹೊಸದಾಗಿ ಕಟ್ಟುವುದಕ್ಕೆ ಸಲೀಸಾಗಿ ಬರುತ್ತವೆ. ಸೋರಿಕೆಯದು ಪ್ರತಿ ವರ್ಷದ ಸಂಬಳ, ರಿಪೇರಿಯ ಬಾಬತ್ತು.

ಹುಡುಕುವುದು ರಾತ್ರಿ. ಎರಡರಿಂದ ನಾಲ್ಕು ಗಂಟೆಯ ನಡುವೆ ನಲ್ಲಿಗಳೆಲ್ಲ ಬಂದ್. ಆಗಲೂ ಬಡಾವಣೆಯ ಮೀಟರ್ ಓಡುತ್ತಿದ್ದರೆ, ಅದರಲ್ಲಿ ಬಹುಪಾಲು ಸೋರುವ ನೀರೇ. ಆಗ ಒಬ್ಬ ಕಬ್ಬಿಣದ ಸಲಾಕೆಯ ತುದಿಯನ್ನು ವಾಲ್ವ್ ಮೇಲಿಟ್ಟು, ಇನ್ನೊಂದು ತುದಿಗೆ ಕಿವಿ ಹಚ್ಚುತ್ತಾನೆ. ಸಣ್ಣಗೆ ಸುಯ್ ಅನ್ನುವ ಸದ್ದು ಕೇಳಿದರೆ ಮುಂದಿನ ವಾಲ್ವಿಗೆ ನಡೆಯುತ್ತಾನೆ. ಅಲ್ಲಿ ಸದ್ದು ಜಾಸ್ತಿಯಾದರೆ, ಬೆಳಗ್ಗೆ ಅಗೆಯುವವರಿಗೆ ಗೊತ್ತಾಗಲೆಂದು ರಸ್ತೆಯ ಮೇಲೆ ಸುಣ್ಣದಲ್ಲಿ ಗುರುತು ಹಾಕುತ್ತಾನೆ.