ಈ ಬಿಸಿಲಲ್ಲಿ ಹೊರಗೆ ಹೋಗೋಕಾಗಲ್ಲ, ಮೊಬೈಲ್ ಕಡಿಮೆ ಮಾಡೋದು ಹೇಗೆ?

ಪ್ರಶ್ನೆ: ಯುಗಾದಿಯಿಂದ ಮನೆಯಲ್ಲಿ ಎಲ್ಲರೂ ಮೊಬೈಲ್ ಕಡಿಮೆ ಮಾಡೋಣ ಅಂದುಕೊಂಡೆವು. ಎಲ್ಲಿ ನೋಡಿದರೂ "ವಸಂತ ಬಂತು, ಹೊರಗೆ ಓಡಾಡಿ" ಅಂತಲೇ ಸಲಹೆ. ನಮ್ಮ ಕಲಬುರಗಿ ಬಿಸಿಲಿಗೆ ಯಾರು ಹೊರಗೆ ಹೋಗ್ತಾರೆ? ಮಕ್ಕಳ ಪರೀಕ್ಷೆ ಮುಗಿದಿದೆ, ಯಜಮಾನರು ಮಧ್ಯಾಹ್ನಕ್ಕೇ ಮನೆಗೆ ಬರ್ತಾರೆ, ಎಲ್ಲರ ಕೈಯಲ್ಲೂ ಒಂದೊಂದು ಫೋನ್. ಏನು ಮಾಡೋದು?

ಉತ್ತರ: ನೀವು ಹೇಳೋದು ಸರಿ. ಆ ಸಲಹೆ ತಂಪು ದೇಶದವರದು. ಚಳಿಗಾಲವೆಲ್ಲ ಒಳಗೆ ಕೂತವರು ವಸಂತದಲ್ಲಿ ಹೊರಗೆ ಬರುತ್ತಾರೆ. ನಮ್ಮಲ್ಲಿ ಉಲ್ಟಾ, ಅಲ್ವಾ? ಶರಣಬಸವೇಶ್ವರ ಜಾತ್ರೆ ಮುಗಿಯುತ್ತಿದ್ದಂತೆ ಬಿಸಿಲು ಏರುತ್ತದೆ, ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ತನಕ ನಡೆಯುತ್ತವೆ. ಮನೆಗೆ ಬಂದು ಊಟ ಮಾಡಿ, ಪರದೆ ಎಳೆದು, ಕೂಲರ್ ಹಾಕಿ ಅಡ್ಡಾದರೆ ಸಂಜೆ ಐದರ ತನಕ ಬೇರೆ ಕೆಲಸವಿಲ್ಲ. ಫೋನ್ ಕೈಗೆ ಬರೋದೇ ಆಗ. ಹಾಗಾಗಿ ಇಡೀ ದಿನದ ಜೊತೆ ಗುದ್ದಾಡಬೇಡಿ. ಈ ಮೂರು ತಾಸು ಹಿಡಿಯಿರಿ, ಸಾಕು.

ಸುಮ್ನೆ ಫೋನ್ ಕಸಿದುಕೊಂಡರೆ ಮಕ್ಕಳು ಕೂಗಾಡುತ್ತಾರೆ, ಅಷ್ಟೇ. ಕೈಗೆ ಬೇರೆ ಕೆಲಸ ಬೇಕು. ಬೇಸಿಗೆಯಲ್ಲಿ ನಮ್ಮ ಮನೆಗಳಲ್ಲಿ ಅದಕ್ಕೇನೂ ಕಮ್ಮಿ ಇಲ್ಲ. ಶಾವಿಗೆಯನ್ನೇ ತಗೊಳ್ಳಿ. ನಾದಿದ ಹಿಟ್ಟು ಎರಡೂ ಕೈಗೆ ಮೆತ್ತಿರುತ್ತದೆ, ಎಳೆ ತುಂಡಾಗದ ಹಾಗೆ ಕಣ್ಣು ಅಲ್ಲೇ ಇರಬೇಕು, ಪಕ್ಕದಲ್ಲಿ ಫೋನ್ ರಿಂಗ್ ಆದರೂ ಎತ್ತೋಕಾಗಲ್ಲ. ಹತ್ತು ವರ್ಷದ ಹುಡುಗನೂ ಎಳೆಗಳನ್ನು ಕೋಲಿಗೆ ಹಾಕಬಲ್ಲ. ಹುಡುಗಿಯರನ್ನಷ್ಟೇ ಕೂರಿಸಬೇಡಿ, ದಯವಿಟ್ಟು. ಅದು ಬೇಡ ಅಂದರೆ ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಚೌಕಾಬಾರದ ಮನೆ ಬರೆದು ಕವಡೆ ಹಾಕಿ. ಆದರೆ ಯಜಮಾನರೂ ಆಟಕ್ಕೆ ಕೂರಬೇಕು. ದೊಡ್ಡವರು ಮಂಚದ ಮೇಲೆ ರೀಲ್ಸ್ ನೋಡುತ್ತಾ "ನೀವು ಆಡ್ಕೊಳ್ರಿ" ಅಂದರೆ ಯಾವ ಮಗುವೂ ಕೇಳೋದಿಲ್ಲ, ಕೇಳಬೇಕಾಗಿಯೂ ಇಲ್ಲ.

ಬಿಡೋದು ಯಾಕಿಷ್ಟು ಕಷ್ಟ ಅಂತಲೂ ಮಕ್ಕಳಿಗೆ ಹೇಳಿ. ಮೊದಲು ಇಂಟರ್‌ನೆಟ್‌ನಲ್ಲಿ ಪುಟದ ಕೊನೆ ಬಂದರೆ ಮುಂದಿನ ಪುಟ ಒತ್ತಬೇಕಿತ್ತು, ಅಲ್ಲೊಂದು ತಡೆ ಇತ್ತು. 2006ರಲ್ಲಿ ಆಜಾ ರಾಸ್ಕಿನ್ ಎಂಬ ವಿನ್ಯಾಸಕಾರ ಕೊನೆಯೇ ಇಲ್ಲದೆ ಸರಿಯುವ ಪುಟ ರೂಪಿಸಿದರು. ಮುಂದೆ ಅವರೇ ಅದಕ್ಕೆ ವಿಷಾದಪಟ್ಟರು. ಆ ತಡೆಯನ್ನು ನಾವೇ ಮತ್ತೆ ಹಾಕಿಕೊಳ್ಳಬೇಕು. ಆಂಡ್ರಾಯ್ಡ್ ಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಇದೆ. ಅದರಲ್ಲಿ ಒಂದೊಂದು ಆ್ಯಪ್‌ಗೆ ಇಷ್ಟೇ ಹೊತ್ತು ಅಂತ ಮಿತಿ ಹಾಕಬಹುದು, ಐಫೋನ್‌ನಲ್ಲಿ ಸ್ಕ್ರೀನ್ ಟೈಮ್ ಅಂತ ಇದೆ. ನೋಟಿಫಿಕೇಶನ್‌ಗಳಲ್ಲಿ ಕರೆ, ಬ್ಯಾಂಕ್ ಬಿಟ್ಟು ಉಳಿದವನ್ನೆಲ್ಲ ಆಫ್ ಮಾಡಿ.

ಇನ್ನು ಹೊರಗೆ ಹೋಗೋದು. ಬೆಳಿಗ್ಗೆ ಆರರಿಂದ ಎಂಟು ನಮ್ಮದು. ಸಂಡಿಗೆ ಹಾಕೋಕೆ ಮಾಳಿಗೆ ಹತ್ತುವಾಗ ಮಕ್ಕಳನ್ನೂ ಕರೆದುಕೊಂಡು ಹೋಗಿ. ಹಗಲಿನ ಬೆಳಕಲ್ಲಿ ಜಾಸ್ತಿ ಹೊತ್ತು ಇರುವ ಮಕ್ಕಳಿಗೆ ದೂರದ್ದು ಮಸುಕಾಗಿ ಕಾಣುವ ದೋಷ ಬರೋದು ಕಡಿಮೆ. ಬಿಸಿಲು ಇಳಿದ ಮೇಲೆ ಅಪ್ಪನ ಕೆರೆ ಕಡೆ ಒಂದು ಸುತ್ತು ಹಾಕಿ. ಕಣ್ಣಿನ ಮಾತು ಬಂತು ಅಂತ ಹೇಳುತ್ತೇನೆ: ಸ್ಕ್ರೀನ್ ನೋಡುವಾಗ ನಾವು ರೆಪ್ಪೆ ಮಿಟುಕಿಸೋದೇ ಕಡಿಮೆಯಾಗುತ್ತದೆ, ಅದರ ಮೇಲೆ ಕೂಲರ್ ಗಾಳಿ ನೇರ ಮುಖಕ್ಕೆ ಬಡಿದರೆ ಕಣ್ಣು ಒಣಗಿ ಉರಿಯುತ್ತದೆ. 20 ನಿಮಿಷಕ್ಕೊಮ್ಮೆ, 20 ಅಡಿ ದೂರ, 20 ಸೆಕೆಂಡ್ ನೋಡಿ.

ರಾತ್ರಿ ಮಾಳಿಗೆ ಮೇಲೆ ಮಲಗುವವರಾದರೆ ಫೋನ್ ಕೆಳಗೇ ಚಾರ್ಜಿಗಿರಲಿ. ಅಲಾರಂ ಬೇಕೆಂದರೆ ಒಂದು ಗಡಿಯಾರ ತನ್ನಿ.

ಒಬ್ಬರೇ ಮಾಡೋದಕ್ಕಿಂತ ಓಣಿಯವರೆಲ್ಲ ಸೇರಿದರೆ ಸುಲಭ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್‌ನಲ್ಲಿ 2022ರಲ್ಲಿ ಹೀಗೇ ಶುರು ಮಾಡಿದರು: ಸಂಜೆ 7ಕ್ಕೆ ಸೈರನ್, ಒಂದೂವರೆ ತಾಸು ಟಿವಿ, ಮೊಬೈಲ್ ಬಂದ್. ಎರಡು ಮೂರು ಮನೆಯವರು ಒಪ್ಪಿದರೂ ನಿಮ್ಮ ಮಕ್ಕಳಿಗೆ ಆಟಕ್ಕೆ ಜೊತೆ ಸಿಗುತ್ತದೆ.

ಮನೆಯಲ್ಲಿ ಪುಟ್ಟ ಮಗು ಇದ್ದರೆ ಮಾತ್ರ ಸಡಿಲ ಬಿಡಬೇಡಿ. 2019ರ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯಂತೆ ವರ್ಷದೊಳಗಿನ ಕೂಸಿಗೆ ಸ್ಕ್ರೀನ್ ಬೇಡವೇ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ತಾಸು. ದೊಡ್ಡ ಮಕ್ಕಳು ಊಟ, ನಿದ್ದೆ ಬಿಟ್ಟು ಫೋನ್ ಹಿಡಿದು ಕೂತರೆ, ಕೊಡದಿದ್ದಾಗ ಕೈಗೆ ಸಿಕ್ಕಿದ್ದನ್ನು ಎಸೆಯುವಂತಾದರೆ, ಬೈದು ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.