ಮೀಸೆ ಬಂದವನ ವಯಸ್ಸೆಷ್ಟು?

2025ರ ಡಿಸೆಂಬರ್‌ನಲ್ಲಿ ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಗೆ ನಮ್ಮ ಕ್ಲಬ್ಬಿನ ಹುಡುಗರನ್ನು ಕರೆದುಕೊಂಡು ಹೋಗಿದ್ದೆ. 14 ವರ್ಷದೊಳಗಿನವರ ವಾಲಿಬಾಲ್. ರಾತ್ರಿ ದೊಡ್ಡವರ ಹೊನಲು ಬೆಳಕಿನ ಪಂದ್ಯ ಇತ್ತು, ಅದಕ್ಕೆ ಕಟ್ಟಿದ್ದ ನೆಟ್ಟಿನಲ್ಲೇ ಬೆಳಿಗ್ಗೆ ಹುಡುಗರನ್ನೂ ಆಡಿಸಿದರು. ಎದುರು ತಂಡದಲ್ಲಿ ಒಬ್ಬ ಹುಡುಗ, ಅಗಲ ಭುಜ, ಮೂಗಿನ ಕೆಳಗೆ ಕಪ್ಪಗೆ ಮೀಸೆ. ಅವನು ಸರ್ವಿಸ್‌ಗೆ ನಿಂತರೆ ಹನ್ನೊಂದು ಪಾಯಿಂಟ್ ಸಾಲಾಗಿ ಹೋದವು, ನಮ್ಮ ಹುಡುಗರ ಕೈಗೆ ಬಾಲ್ ತಾಗಿದರೆ ಅದು ಪಕ್ಕದ ಹೊಲಕ್ಕೇ ಹೋಗುತ್ತಿತ್ತು. ಮೊದಲ ಸೆಟ್ 25–9.

ಪಕ್ಕದಲ್ಲಿ ಕೂತಿದ್ದ ನಮ್ಮ ಹುಡುಗನೊಬ್ಬನ ಅಪ್ಪ ಸುಮ್ಮನಿರಲಿಲ್ಲ. "ಸರ, ಅವನಿಗೆ ಮೀಸಿ ಬಂದಾವ ನೋಡ್ರಿ. ಹದಿನಾಕು ಅಂದ್ರ ಹೆಂಗ ನಂಬೂದು?" ನನಗೂ ತಲೆ ಬಿಸಿಯಾಗಿತ್ತು. ಸೆಟ್ ಮುಗಿದ ಕೂಡಲೇ ಸಂಘಟಕರ ಟೇಬಲ್ಲಿಗೆ ಹೋಗಿ ತಕರಾರು ಹಾಕಿದೆ. ಅವರ ಕೋಚ್ ಏನೂ ಮಾತಾಡಲಿಲ್ಲ, ಹುಡುಗನ ತಾಯಿಯನ್ನು ಕರೆದರು. ಆಯಮ್ಮ ಕೈಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ತಾಯಿ ಕಾರ್ಡ್, ಅದರ ಜೊತೆ ಆಸ್ಪತ್ರೆಯಲ್ಲಿ ಹುಟ್ಟಿದ್ದಕ್ಕೆ ಕೊಟ್ಟ ಜನನ ಪ್ರಮಾಣಪತ್ರ. 2012ರ ಫೆಬ್ರವರಿ. ಹುಡುಗನಿಗೆ ಸರಿಯಾಗಿ 13 ವರ್ಷ 10 ತಿಂಗಳು.

"ಹೋದಲ್ಲೆಲ್ಲಾ ಒಬ್ರು ಕೇಳ್ತಾರ್ರೀ ಸರ. ಅದಕ್ಕ ಕಾರ್ಡ್ ಹಿಡ್ಕೊಂಡ ಅಡ್ಡಾಡ್ತೀನಿ" ಅಂದರು. ನನ್ನ ಮುಖ ಸಣ್ಣದಾಯಿತು.

ವಯಸ್ಸಿನ ಕಳ್ಳತನ ನಮ್ಮ ಕಡೆ ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ. ಇದೆ, ನೋಡಿದ್ದೇನೆ. ಆದರೆ ಹುಡುಗರ ವಾಲಿಬಾಲ್‌ನಲ್ಲಿ ಪಂದ್ಯ ಒಂದೇ ಕಡೆ ವಾಲೋದಕ್ಕೆ ಪ್ರತಿ ಸಲ ಕಳ್ಳ ಕಾಗದವೇ ಕಾರಣ ಆಗಿರಲ್ಲ. ಕಾಗದ ಖರೇ ಇದ್ದಾಗಲೂ ವಾಲುತ್ತದೆ. ಅವತ್ತು ನಮ್ಮ ಲಿಫ್ಟರ್, ಅಂದರೆ ಹೊಡೆಯೋರಿಗೆ ಬಾಲ್ ಎತ್ತಿ ಕೊಡೋ ಹುಡುಗ, ಹುಟ್ಟಿದ್ದೂ 2012ರಲ್ಲೇ, ನವೆಂಬರ್‌ನಲ್ಲಿ. ಅವನ ಎತ್ತರ 141 ಸೆಂಟಿಮೀಟರ್. ಆ ಮೀಸೆ ಹುಡುಗ 170ರ ಮೇಲೇ ಇದ್ದ. ಹುಟ್ಟಿದ್ದರಲ್ಲಿ ಒಂಬತ್ತು ತಿಂಗಳ ಅಂತರ, ಎತ್ತರದಲ್ಲಿ ಒಂದು ಅಡಿ.

ಗಂಡು ಹುಡುಗರು ಸರಾಸರಿ ಹದಿಮೂರೂವರೆ, ಹದಿನಾಲ್ಕರ ಹೊತ್ತಿಗೆ ಜೋರಾಗಿ ಬೆಳೆಯುತ್ತಾರೆ. ಆ ಒಂದು ವರ್ಷದಲ್ಲಿ ಒಂಬತ್ತು ಹತ್ತು ಸೆಂಟಿಮೀಟರ್ ಏರೋದು ಮಾಮೂಲು. ಆದರೆ ಇದು ಸರಾಸರಿ ಮಾತ್ರ. ಒಬ್ಬನಿಗೆ ಹನ್ನೆರಡಕ್ಕೇ ಶುರುವಾಗುತ್ತದೆ, ಇನ್ನೊಬ್ಬ ಹದಿನೈದಾದರೂ ಹಾಗೇ ಇರುತ್ತಾನೆ, ಅದರಲ್ಲೂ ಹೊಟ್ಟೆ ತುಂಬ ಊಟ ಸಿಗದ ಮನೆಯ ಮಕ್ಕಳಿಗೆ ಇದು ತಡವಾಗೋದು ಜಾಸ್ತಿ. ಎತ್ತರ ಏರಿದ ಕೆಲವು ತಿಂಗಳಿಗೆ ಭುಜಕ್ಕೆ, ತೊಡೆಗೆ ಬಲ ಬರುತ್ತದೆ. ಹೆಣ್ಣುಮಕ್ಕಳಲ್ಲಿ ಇದೆಲ್ಲ ಸುಮಾರು ಎರಡು ವರ್ಷ ಮುಂಚೆಯೇ ಆಗಿಬಿಟ್ಟಿರುತ್ತದೆ, ಹಾಗಾಗಿ ಹೈಸ್ಕೂಲಿಗೆ ಬರೋ ಹೊತ್ತಿಗೆ ಅವರ ತಂಡಗಳಲ್ಲಿ ಇಷ್ಟು ಏರುಪೇರು ಕಾಣಲ್ಲ. ಹುಡುಗರಲ್ಲಿ ಅದೇ ಎಂಟು, ಒಂಬತ್ತು, ಹತ್ತನೇ ಕ್ಲಾಸಿನಲ್ಲೇ ಗಲಾಟೆ.

ಈಗ ನಮ್ಮ ವಯಸ್ಸಿನ ಗುಂಪುಗಳನ್ನು ನೋಡಿ. ಶಾಲಾ ಕ್ರೀಡಾಕೂಟದಲ್ಲಿ 14, 17, 19ರೊಳಗೆ ಅಂತ ಮೂರು ಗುಂಪು. ಲೆಕ್ಕ ಹಾಕೋದು ಡಿಸೆಂಬರ್ 31ಕ್ಕೆ. ಅಂದರೆ 2025ರಲ್ಲಿ 14ರೊಳಗೆ ಆಡಬೇಕಾದರೆ 2012ರ ಜನವರಿ 1 ಅಥವಾ ಆಮೇಲೆ ಹುಟ್ಟಿರಬೇಕು, 17ರೊಳಗೆ ಆಡಬೇಕಾದರೆ 2009ರ ಜನವರಿ 1 ಅಥವಾ ಆಮೇಲೆ. 2011ರ ಡಿಸೆಂಬರ್ 20ಕ್ಕೆ ಹುಟ್ಟಿದ ಒಬ್ಬ ಹುಡುಗನನ್ನು ತಗೊಳ್ಳಿ. ಹನ್ನೆರಡು ದಿನದಲ್ಲಿ ಕೆಳಗಿನ ಗುಂಪು ತಪ್ಪಿತು. ಮೇಲಿನ ಗುಂಪಿನಲ್ಲಿ ಅವನ ಎದುರು ನಿಲ್ಲುವವನು 2009ರ ಜನವರಿಯವನು, ಹತ್ತಿರ ಹತ್ತಿರ ಮೂರು ವರ್ಷ ದೊಡ್ಡವನು, ಮೈ ಪೂರ್ತಿ ಬಲಿತವನು. ಗುಂಪಿನ ಅಗಲ ಅತಿ ಜಾಸ್ತಿ ಇರೋದು ಬೆಳವಣಿಗೆಯ ಏರುಪೇರು ಅತಿ ಜಾಸ್ತಿ ಇರೋ ವಯಸ್ಸಿನಲ್ಲೇ. ನನ್ನ ತಕರಾರು ಇರೋದು ಇದರ ಮೇಲೆ.

ವರ್ಷದ ಶುರುವಿನಲ್ಲಿ ಹುಟ್ಟಿದವರಿಗೆ ಇದರಿಂದ ಲಾಭ ಅಂತ ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಕೆನಡಾದ ಐಸ್ ಹಾಕಿ ಹುಡುಗರ ತಂಡಗಳಲ್ಲಿ ಜನವರಿ, ಫೆಬ್ರವರಿ, ಮಾರ್ಚ್‌ನವರೇ ತುಂಬಿರುತ್ತಾರೆ ಅಂತ ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು 1985ರಲ್ಲೇ ತೋರಿಸಿದ್ದರು. ನಮ್ಮ ಕಡೆ ಇಂಥ ಲೆಕ್ಕ ಮಾಡೋಕೆ ಹೋದರೆ ಬೇರೆಯೇ ತಮಾಷೆ. ನನ್ನ ಹಾಜರಿ ಪುಸ್ತಕ ತೆಗೆದು ನೋಡಿ, ಏಳು ಹುಡುಗರ ಹುಟ್ಟಿದ ದಿನ ಜೂನ್ 1! ಒಂದನೇ ಕ್ಲಾಸಿಗೆ ಸೇರಿಸೋ ದಿನ ಅಪ್ಪ ಅವ್ವನಿಗೆ ತಾರೀಖು ನೆನಪಿರಲ್ಲ, "ಮಾವಿನಕಾಯಿ ಕಾಲಕ್ಕ ಹುಟ್ಟ್ಯಾನ್ರಿ" ಅಂದಿರುತ್ತಾರೆ, ಮೇಷ್ಟ್ರು ಜೂನ್ 1 ಅಂತ ಬರೆದು ಮುಂದಿನವನನ್ನು ಕರೆದಿರುತ್ತಾರೆ. ಆಮೇಲೆ ಆಧಾರ್‌ಗೂ ಅದೇ ತಾರೀಖು. ಆಧಾರ್ ವಯಸ್ಸಿಗೆ ಪುರಾವೆ ಅಲ್ಲ ಅಂತ 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟೂ ಒಂದು ಅಪಘಾತ ಪರಿಹಾರದ ಕೇಸಿನಲ್ಲಿ ಹೇಳಿತು, ಶಾಲೆಯ ಸರ್ಟಿಫಿಕೇಟನ್ನು ಒಪ್ಪಿತು. ಶಾಲೆಯ ಸರ್ಟಿಫಿಕೇಟಿನಲ್ಲೇ ಜೂನ್ 1 ಕೂತಿದ್ದರೆ ನಾವು ಯಾರ ಹತ್ತಿರ ಹೋಗೋಣ? 2023ರ ಅಕ್ಟೋಬರ್ 1 ಅಥವಾ ಆಮೇಲೆ ಹುಟ್ಟಿದವರಿಗೆ ಶಾಲೆಗೆ ಸೇರೋದರಿಂದ ಹಿಡಿದು ಹಲವು ಕೆಲಸಕ್ಕೆ ಜನನ ಪ್ರಮಾಣಪತ್ರವೇ ಅಂತ ಕಾನೂನು ಬಂದಿದೆ. ಆ ಮಕ್ಕಳು ನಮ್ಮ ವಾಲಿಬಾಲ್ ಕೋರ್ಟಿಗೆ ಬರೋಕೆ ಇನ್ನೂ ಏಳೆಂಟು ವರ್ಷ ಬೇಕು.

ಮಣಿಕಟ್ಟಿನ ಎಕ್ಸ್‌ರೇ ತೆಗೆಸಿದರೆ ಆಯ್ತಲ್ಲ ಅಂತ ಕೇಳೋರಿದ್ದಾರೆ. ಕ್ರಿಕೆಟ್ ಮಂಡಳಿ 16ರೊಳಗಿನ ಹುಡುಗರಿಗೆ ಹೀಗೇ ಎಡಗೈ ಮೂಳೆ ನೋಡುತ್ತದೆ. ಆದರೆ ಆ ಎಕ್ಸ್‌ರೇ ಹೇಳೋದು ಮೂಳೆ ಎಷ್ಟು ಬಲಿತಿದೆ ಅಂತ, ಹುಟ್ಟಿದ ದಿನ ಅಲ್ಲ. ಬೇಗ ಬೆಳೆದ ಹುಡುಗನ ಮೂಳೆ ಅವನ ವಯಸ್ಸಿಗಿಂತ ಒಂದು ವರ್ಷ ಮುಂದೆ ಇರಬಹುದು. ಆ ಮೀಸೆ ಹುಡುಗನನ್ನು ಎಕ್ಸ್‌ರೇ ಮೇಲೆ ಅಳೆದಿದ್ದರೆ ತಾಯಿ ಕಾರ್ಡ್ ಹಿಡಿದ ಆಯಮ್ಮನನ್ನು ಸುಳ್ಳಿ ಅಂತ ಮಾಡಿ ಕಳಿಸುತ್ತಿದ್ದೆವೋ ಏನೋ. ಅದೇ ಲೆಕ್ಕದಲ್ಲಿ, ತಡವಾಗಿ ಬೆಳೆಯೋ ಹುಡುಗ ವಯಸ್ಸು ಕದ್ದರೂ ಎಕ್ಸ್‌ರೇಯಲ್ಲಿ ಪಾಸಾಗಬಹುದು.

ಅಮೆರಿಕದ ಕ್ಲಬ್ ವಾಲಿಬಾಲ್‌ನಲ್ಲಿ 12ರಿಂದ 18ರವರೆಗೆ ಒಂದೊಂದು ವರ್ಷಕ್ಕೆ ಒಂದೊಂದು ಗುಂಪು. ಒಂದೇ ವಯಸ್ಸಿನಲ್ಲೂ ಗಟ್ಟಿ ತಂಡಗಳಿಗೆ ಓಪನ್ ಅಂತ ಬೇರೆ, ಉಳಿದವರಿಗೆ ಬೇರೆ ಹಂತ. ಕೇಳೋಕೆ ಚೆನ್ನಾಗಿದೆ. ಆದರೆ ಅಲ್ಲಿ ಹುಡುಗಿಯರ ತಂಡಗಳು ಎಷ್ಟೋ ಜಾಸ್ತಿ, ಹುಡುಗರವು ಕಡಿಮೆ, ಹಾಗಾಗಿ ಊರ ಮಟ್ಟದಲ್ಲಿ ಹುಡುಗರಿಗೆ ಗುಂಪು ತುಂಬಲ್ಲ, ಎರಡು ವಯಸ್ಸನ್ನು ಸೇರಿಸಿ ಆಡಿಸಬೇಕಾಗುತ್ತದೆ. ಗುಂಪು ಸಣ್ಣದು ಮಾಡಿದರೆ ತಂಡ ಸಾಲಲ್ಲ, ದೊಡ್ಡದು ಮಾಡಿದರೆ ಸಣ್ಣ ಹುಡುಗ ಸಾಯುತ್ತಾನೆ. ನಮಗೆ ಅವರಿಂದ ಎತ್ತಿಕೊಳ್ಳಬೇಕಾದ ವಿಷಯ ಬೇರೆ ಇದೆ. ಅದು ನೆಟ್. ಅಲ್ಲಿ 13, 14ರ ಹುಡುಗರಿಗೆ ನೆಟ್ಟಿನ ಎತ್ತರ 2.24 ಮೀಟರ್, 15ರಿಂದ ಮೇಲೆ ದೊಡ್ಡವರಷ್ಟೇ, 2.43. ಜಪಾನ್‌ನಲ್ಲಿ ನಮ್ಮ ಏಳು, ಎಂಟು, ಒಂಬತ್ತನೇ ಕ್ಲಾಸಿಗೆ ಸಮನಾದ ಹುಡುಗರಿಗೆ 2.30.

ನಾನು ಪ್ರತಿ ಮೂರು ತಿಂಗಳಿಗೆ ಹುಡುಗರನ್ನು ಗೋಡೆಗೆ ನಿಲ್ಲಿಸಿ, ಬೆರಳಿಗೆ ಸುಣ್ಣ ಹಚ್ಚಿ, ನಿಂತಲ್ಲೇ ಕೈ ಎತ್ತಿಸಿ ಗುರುತು ಹಾಕಿಸುತ್ತೇನೆ. ನಮ್ಮ ಉದ್ದನೆಯವನು 168, ಅವನ ಬೆರಳು 2.20ಕ್ಕೆ ಮುಟ್ಟುತ್ತದೆ. ನಡುವಿನ ಹುಡುಗರು 155ರ ಆಸುಪಾಸು, ಅವರದ್ದು 2.03. ಲಿಫ್ಟರ್‌ದು 1.85. ಹೊಡೆಯಬೇಕು ಅಂದರೆ ಬೆರಳು ನೆಟ್ಟಿನ ಅಂಚಿಗೆ ಮುಟ್ಟಿದರೆ ಸಾಲದು, ಅದರ ಮೇಲೆ ಇನ್ನೂ ಹದಿನೈದು ಸೆಂಟಿಮೀಟರಾದರೂ ಕೈ ಏಳಬೇಕು. 2.43ರ ನೆಟ್ಟಿಗೆ ನಡುವಿನ ಹುಡುಗ 55 ಸೆಂಟಿಮೀಟರ್ ಹಾರಬೇಕು. ಆ ವಯಸ್ಸಿನಲ್ಲಿ ಅಷ್ಟು ಹಾರೋರು ಅಪರೂಪ. 2.24ಕ್ಕೆ ಇಳಿಸಿದರೆ ಅವನಿಗೆ 36 ಸಾಕು. ಅದು ಆಗುತ್ತದೆ.

"ನೆಟ್ ಇಳಿಸಿದರೆ ಉದ್ದನೆಯವನಿಗೂ ಸಲೀಸಲ್ವಾ?" ಅಂತ ಕೇಳುತ್ತಾರೆ. ಹೌದು, ಅವನಿಗೂ ಸಲೀಸು. ಆದರೆ ಅವನು ಮೊದಲೇ ಹೊಡೆಯುತ್ತಿದ್ದ. ಬದಲಾಗೋದು ಉಳಿದವರ ಆಟ. ಎತ್ತರದ ನೆಟ್ಟಿನಲ್ಲಿ ತಂಡಕ್ಕೆ ಒಬ್ಬನೇ ಹೊಡೆಯೋನು, ಉಳಿದ ಐದು ಜನ ಅವನಿಗೆ ಬಾಲ್ ತಲುಪಿಸೋ ಕೂಲಿಗಳು. ಇಳಿಸಿದ ಮೇಲೆ ಮೂರ್ನಾಲ್ಕು ಜನ ಹೊಡೆಯುತ್ತಾರೆ. ಬಾಲ್ ಯಾರ ಕಡೆ ಹೋಗುತ್ತದೆ ಅಂತ ಎದುರಿನವರು ನೋಡಬೇಕಾಗುತ್ತದೆ, ಬ್ಲಾಕಿಗೆ ಓಡಬೇಕಾಗುತ್ತದೆ. ಆಟ ಶುರುವಾಗೋದೇ ಅಲ್ಲಿಂದ.

ಉದ್ದನೆಯವನ ಮೊಣಕಾಲಿಗೂ ಇದು ಒಳ್ಳೆಯದು. ಬೆಳೆಯೋ ವರ್ಷದಲ್ಲಿ ಮಂಡಿಚಿಪ್ಪಿನ ಕೆಳಗೆ ಗಂಟು ಕಟ್ಟಿಕೊಂಡು ನೋವು ಅಂತ ಬರೋ ಹುಡುಗರು ಪ್ರತಿ ವರ್ಷ ಇರುತ್ತಾರೆ. ಆಸ್‌ಗುಡ್-ಶ್ಲಾಟರ್ ಅಂತಾರೆ ಅದಕ್ಕೆ. ಬೆಳೆಯುತ್ತಿರೋ ಮೂಳೆಯನ್ನು ತೊಡೆಯ ಸ್ನಾಯು ಎಳೆದೆಳೆದು ಬರೋ ನೋವು. ಪ್ರತಿ ಬಾಲಿಗೂ ಒಬ್ಬನೇ ಹಾರಿದರೆ ಇನ್ನೇನಾಗುತ್ತದೆ? ಎಣ್ಣೆ ತಿಕ್ಕಿ ಆಡಿಸಬೇಡಿ, ಹಾರೋದು ಕಡಿಮೆ ಮಾಡಿಸಿ, ಡಾಕ್ಟರಿಗೆ ತೋರಿಸಿ.

ಇನ್ನು ಸರ್ವಿಸ್. ಆ ವಯಸ್ಸಿನಲ್ಲಿ ಪಂದ್ಯ ಕೆಡಿಸೋದು ಸ್ಮ್ಯಾಶ್ ಅಲ್ಲ, ಸರ್ವಿಸ್. ಒಬ್ಬ ಬಲಿತ ಹುಡುಗ ಹಾರಿ ಸರ್ವಿಸ್ ಹೊಡೆದರೆ ಹನ್ನೆರಡರ ಹುಡುಗನ ಕೈ ಉರಿಯುತ್ತದೆ ಅಷ್ಟೇ, ಬಂದ ಬಾಲನ್ನು ಲಿಫ್ಟರ್‌ಗೆ ತಲುಪಿಸೋ ಪಾಸ್ ಕಲಿಯಲ್ಲ. ಎರಡು ವರ್ಷದಿಂದ ನಾವು ನಾಲ್ಕು ಕ್ಲಬ್ಬಿನವರು ಸೇರಿ ಭಾನುವಾರ ಆಡಿಸೋ ಪಂದ್ಯಗಳಲ್ಲಿ ಒಬ್ಬನಿಗೆ ಸಾಲಾಗಿ ಐದೇ ಸರ್ವಿಸ್, ಆರನೆಯದಕ್ಕೆ ಅದೇ ತಂಡ ತಿರುಗಬೇಕು, ಮುಂದಿನವನು ಹಾಕುತ್ತಾನೆ. ನಿಯಮ ಪುಸ್ತಕದಲ್ಲಿ ಇದಿಲ್ಲ. ಇಲಾಖೆ ಪಂದ್ಯಕ್ಕೆ ಹೋದಾಗ ಪುಸ್ತಕದಂತೆ ಆಡುತ್ತೇವೆ, ನಮ್ಮ ನಮ್ಮಲ್ಲಿ ಹೀಗೆ. ಮೊದಲು ಒಂದು ಸೆಟ್ ಹನ್ನೆರಡು ನಿಮಿಷಕ್ಕೆ ಮುಗಿದುಹೋಗುತ್ತಿತ್ತು, ಈಗ ಇಪ್ಪತ್ತು ದಾಟುತ್ತದೆ. ಅಷ್ಟು ಜಾಸ್ತಿ ಬಾಲ್ ಮುಟ್ಟಿದ ಹಾಗಾಯ್ತಲ್ಲ.

ಅದೇ ಭಾನುವಾರದಲ್ಲಿ ಎಂಟು ಮತ್ತು ಒಂಬತ್ತನೇ ಕ್ಲಾಸಿನವರಿಗೆ ಬೇರೆ ಗುಂಪು ಮಾಡಿದ್ದೇವೆ. ಇದನ್ನು ಯಾಕೆ ಮಾಡಿದೆ ಅಂತ ಹೇಳಬೇಕು. ಮೂರು ವರ್ಷದ ಹಿಂದೆ ಕ್ಯಾಂಪಿನಿಂದ (ವಲಸೆ ಬಂದು ನೆಲೆಸಿದವರ ಹಳ್ಳಿಗೆ ನಮ್ಮ ಕಡೆ ಹಾಗಂತಾರೆ) ಸೈಕಲ್ ತುಳಿದುಕೊಂಡು ಬರುತ್ತಿದ್ದ ಒಬ್ಬ ಹುಡುಗ ಇದ್ದ. 14ರಲ್ಲಿ ಆಡಿದ, ಪಾಸ್ ಅಂದರೆ ಅವನದ್ದೇ. ಒಂಬತ್ತಕ್ಕೆ ಬಂದ, 17ರ ಗುಂಪಿಗೆ ಬಿದ್ದ, ಆಗ ಅವನ ಎತ್ತರ 148 ಸೆಂಟಿಮೀಟರ್. ನಾನೇ ಅವನನ್ನು ಹದಿನಾಲ್ಕು ಪಂದ್ಯ ಬೆಂಚಿನ ಮೇಲೆ ಕೂರಿಸಿದೆ. ಹದಿನೈದನೆಯದಕ್ಕೆ ಅವನು ಬರಲಿಲ್ಲ. ನಾನೂ ಕೇಳಲಿಲ್ಲ, ಹತ್ತನೇ ಕ್ಲಾಸಿನ ಓದು ಇರಬೇಕು ಅಂದುಕೊಂಡೆ, ಒಂಬತ್ತರಲ್ಲಿ ಎಂಥ ಹತ್ತನೇ ಕ್ಲಾಸಿನ ಓದು! ಈ ಸಲ ಸುಗ್ಗಿಯಲ್ಲಿ ಕಾಲುವೆ ದಾರಿಯಲ್ಲಿ ಭತ್ತ ಕೊಯ್ಯೋ ಮಷಿನ್ ಕೆಟ್ಟು ನಿಂತಿತ್ತು, ಅದರ ಮೇಲಿಂದ ಒಬ್ಬ ಇಳಿದು ಬಂದು "ನಮಸ್ಕಾರ್ರಿ ಸರ" ಅಂದ. ನಾನು ತಲೆ ಎತ್ತಿ ನೋಡಬೇಕಾಯಿತು. ಕೈಗೆಲ್ಲ ಗ್ರೀಸು. "ಆಟ?" ಅಂದೆ. "ಎಲ್ಲೀದ್ರಿ ಸರ" ಅಂತ ನಕ್ಕು ಸ್ಪ್ಯಾನರ್ ತಗೊಂಡು ಹೋದ.

ತಡವಾಗಿ ಬೆಳೆಯೋರು ಜಾಸ್ತಿ ದಿನ ಬೆಳೆಯುತ್ತಾರೆ, ಕೊನೆಗೆ ಉಳಿದವರ ಸಮಕ್ಕೆ ಬರುತ್ತಾರೆ. ಇದು ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೂ ಕಪ್ ಬೇಕಿತ್ತು.

ಮೀಸೆ ಹುಡುಗನ ಕೋಚ್ ಜೊತೆ ಆಮೇಲೆ ಫೋನಿನಲ್ಲಿ ಮಾತಾಡಿದೆ, ತಪ್ಪಾಯ್ತು ಅಂತಲೂ ಹೇಳಿದೆ. ಅವರ ಕಷ್ಟ ಬೇರೆ. ಹುಡುಗನನ್ನು ದೊಡ್ಡವರ ಜೊತೆ ಹಾಕಿದರೆ ಆಟ ಸಮ ಆಗುತ್ತದೆ. ಇಂಗ್ಲೆಂಡಿನ ಫುಟ್‌ಬಾಲ್ ಅಕಾಡೆಮಿಗಳಲ್ಲಿ ಹೀಗೆ ವಯಸ್ಸು ಬಿಟ್ಟು ಮೈ ಬೆಳವಣಿಗೆ ನೋಡಿ ಗುಂಪು ಮಾಡಿ ಆಡಿಸಿದ್ದೂ ಇದೆ. ಆದರೆ ಇವನು ದೊಡ್ಡವರ ಗುಂಪಿಗೆ ಹೋಗಲ್ಲ ಅಂತ ಅಳುತ್ತಾನಂತೆ, ಗೆಳೆಯರೆಲ್ಲ ಇಲ್ಲೇ ಇದ್ದಾರೆ. ಮೈ ಹದಿನಾರರದ್ದು, ಮನಸ್ಸು ಹದಿಮೂರರದ್ದೇ ಅಲ್ವಾ. ಸದ್ಯಕ್ಕೆ ವಾರದಲ್ಲಿ ಎರಡು ದಿನ ದೊಡ್ಡವರ ಜೊತೆ ಪ್ರಾಕ್ಟೀಸ್, ಭಾನುವಾರ ಗೆಳೆಯರ ಜೊತೆ ಪಂದ್ಯ ಅಂತ ಮಾತಾಗಿದೆ, ಅದೂ ಲಿಫ್ಟರ್ ಜಾಗದಲ್ಲಿ. ಎತ್ತಿ ಕೊಡೋದು ಅವನಿಗೆ ಇನ್ನೂ ಬರಲ್ಲ. ಹೋದ ವಾರ ಅವನು ಎತ್ತಿದ ಬಾಲ್ ಮೂರು ಸಲ ನೆಟ್ಟಿನ ಆಚೆಗೇ ಬಿತ್ತು, ಅವನ ಗೆಳೆಯರು ಚೆನ್ನಾಗಿ ಬೈದರು.