ಡಕ್ಟ್ ಒಡೆದಿದ್ದರೆ ಗ್ಯಾಸ್ ಏನು ಮಾಡೀತು?

"ಸಾರ್, ನಮ್ಮ ತಂದೆಯವರ 1988ರ ಕಾಂಟೆಸ್ಸಾ ಇದೆ, ವಿಂಟೇಜ್. ಎಸಿ ತಣ್ಣಗೆ ಬರುತ್ತಿಲ್ಲ. ಒಳಗೆ ಡಕ್ಟ್ ಒಡೆದಿದೆ, ಹೊಸದು ಸಿಗಲ್ಲ ಅಂತಾರೆ. ಸದ್ಯಕ್ಕೆ ಗ್ಯಾಸ್ ತುಂಬಿಸಿಕೊಂಡು ಓಡಿಸಬಹುದಾ?"

ಮೊದಲು ಒಂದು ತಿದ್ದುಪಡಿ. 1988ರದು ವಿಂಟೇಜ್ ಅಲ್ಲ, ಹಳೆ ಕಾರು ಅಷ್ಟೆ. 2021ರ ಕೇಂದ್ರ ನಿಯಮದಂತೆ ವಿಂಟೇಜ್ ಅನ್ನಿಸಿಕೊಳ್ಳಲು 50 ವರ್ಷ ದಾಟಬೇಕು.

ಇನ್ನು ಪ್ರಶ್ನೆ. ಈ ಬೇಸಿಗೆಯಲ್ಲಿ ಇದು ಎಷ್ಟನೆಯದೋ, ಎಣಿಸುವುದು ಬಿಟ್ಟಿದ್ದೇನೆ. ಒಮ್ಮೆ ಶಿರಾದವರು, ಒಮ್ಮೆ ತಿಪಟೂರಿನವರು. ಕಾರು ಬೇರೆ, ಊರು ಬೇರೆ, ಕೊನೆಯ ಸಾಲು ಮಾತ್ರ ಅದೇ. ಗ್ಯಾಸ್ ತುಂಬಿಸಲಾ?

ಬೇಡ.

ಗ್ಯಾಸ್ ಪೆಟ್ರೋಲ್ ಅಲ್ಲ, ಉರಿದು ಖಾಲಿಯಾಗಲು. ಕಂಪ್ರೆಸರ್‌ನಿಂದ ಕಂಡೆನ್ಸರ್‌ಗೆ, ಅಲ್ಲಿಂದ ಕೂಲಿಂಗ್ ಕಾಯಿಲ್‌ಗೆ, ಮತ್ತೆ ಕಂಪ್ರೆಸರ್‌ಗೆ. ಮುಚ್ಚಿದ ದಾರಿಯಲ್ಲಿ ಅದು ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ. ಹಳೆ ಕಾರಿನ ರಬ್ಬರ್ ಹೋಸ್, ಶಾಫ್ಟ್ ಸೀಲ್ ವರ್ಷಗಟ್ಟಲೆ ಒಂದಿಷ್ಟು ಜಿನುಗುವುದು ನಿಜ. ಹಾಗಂತ ಯುಗಾದಿಯ ಎಣ್ಣೆಸ್ನಾನದ ಹಾಗೆ ವರ್ಷಕ್ಕೊಮ್ಮೆ ತುಂಬಿಸಿಕೊಂಡು ಬರುವುದು ಯಾವ ಶಾಸ್ತ್ರ?

ಗ್ಯಾಸ್ ಮಾಡುವುದು ಒಂದೇ ಕೆಲಸ. ಕಾಯಿಲ್ ತಣ್ಣಗೆ ಮಾಡುತ್ತದೆ. ಆ ತಂಪನ್ನು ನಿಮ್ಮ ಮುಖದವರೆಗೆ ಹೊತ್ತು ತರುವುದು ಗಾಳಿ. ಗಾಳಿಯ ದಾರಿ ಡಕ್ಟ್. ತುಮಕೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಡುವೆ ಹೇಮಾವತಿ ನಾಲೆ ಒಡೆದಿದ್ದರೆ, ಗೊರೂರು ಅಣೆಕಟ್ಟೆಯಲ್ಲಿ ಇನ್ನೊಂದು ಗೇಟ್ ಎತ್ತಿಸಿ ಬುಗುಡನಹಳ್ಳಿ ಕೆರೆ ತುಂಬಿಸುತ್ತೀರಾ? ಒಡೆದ ಜಾಗ ಮುಚ್ಚಬೇಕು ತಾನೆ?

ಸುಮ್ನೆ ದುಡ್ಡು ದಂಡವಾದರೆ ಹೋಗಲಿ ಅನ್ನಬಹುದಿತ್ತು. ಗ್ಯಾಸ್ ಜಾಸ್ತಿಯಾದರೆ ಒತ್ತಡ ಏರುತ್ತದೆ, ಕಂಪ್ರೆಸರ್ ಹೆಣಗಾಡುತ್ತದೆ, ತಂಪು ಇನ್ನೂ ಕಡಿಮೆಯಾಗುತ್ತದೆ. ಜೊತೆಗೆ ಆ ಕಾಲದ ಎಸಿ ಆರ್-12 ಗ್ಯಾಸಿನದು. ಓಝೋನ್ ಪದರಕ್ಕೆ ಹಾನಿ ಅಂತ 1987ರ ಮಾಂಟ್ರಿಯಲ್ ಒಪ್ಪಂದದಿಂದ ಶುರುವಾಗಿ 2010ರ ಹೊತ್ತಿಗೆ ನಮ್ಮಲ್ಲೂ ಅದಕ್ಕೆ ತೆರೆ ಬಿತ್ತು. ಈಗ ಅಂಗಡಿಯಲ್ಲಿ ಹಾಕುವುದು ಆರ್-134ಎ. ಕಂಪ್ರೆಸರ್ ಸವೆಯದಂತೆ ಗ್ಯಾಸಿನ ಜೊತೆ ಸುತ್ತುವ ಹಳೆಯ ಮಿನರಲ್ ಎಣ್ಣೆ ಇದರ ಜೊತೆ ಬೆರೆಯುವುದಿಲ್ಲ. ಎಣ್ಣೆ ಬದಲಾಯಿಸದೆ ಗ್ಯಾಸ್ ಮಾತ್ರ ತುಂಬಿದರೆ, ಎಣ್ಣೆ ಎಲ್ಲೋ ಮೂಲೆಯಲ್ಲಿ ನಿಂತು ಕಂಪ್ರೆಸರ್ ಒಣಗಿ ಹಿಡಿದುಕೊಳ್ಳುತ್ತದೆ. ಡಕ್ಟಿನ ಬಿರುಕಿಗೆ ಕಂಪ್ರೆಸರ್ ಬಲಿ.

ನಂಬಿಕೆ ಬರಲಿಲ್ಲವೇ? ಅಡಿಗೆ ಮನೆಯ ಥರ್ಮಾಮೀಟರ್ ಸಾಕು. ಕಾಯಿಲ್ ಬಾಯಲ್ಲಿ ಒಮ್ಮೆ, ಡ್ಯಾಶ್‌ಬೋರ್ಡಿನ ಜಾಲರಿಯಲ್ಲಿ ಒಮ್ಮೆ ಇಟ್ಟು ನೋಡಿ. ಎರಡು ಮೂರು ಡಿಗ್ರಿ ವ್ಯತ್ಯಾಸ ಸಹಜ. ಏಳೆಂಟು ಇದ್ದರೆ ತಂಪು ದಾರಿಯಲ್ಲೇ ಕಳೆದುಹೋಗುತ್ತಿದೆ. ಎಲ್ಲಿ ಅನ್ನುವುದಕ್ಕೆ ಬ್ಲೋವರ್ (ಗಾಳಿ ತಳ್ಳುವ ಫ್ಯಾನ್) ಹಾಕಿ, ಊದಿನಕಡ್ಡಿ ಹಚ್ಚಿ, ಡಕ್ಟಿನ ಜಾಯಿಂಟುಗಳ ಸುತ್ತ ನಿಧಾನ ಆಡಿಸಿ. ಬ್ಲೋವರ್‌ನಿಂದಾಚೆ ಬಿರುಕಿದ್ದರೆ ಹೊಗೆ ಚದುರುತ್ತದೆ, ತಣ್ಣನೆ ಗಾಳಿ ಡ್ಯಾಶ್‌ಬೋರ್ಡಿನ ಹಿಂದೆ ಚೆಲ್ಲಿಹೋಗುತ್ತಿದೆ. ಬ್ಲೋವರ್‌ಗಿಂತ ಮೊದಲೇ ಇದ್ದರೆ ಹೊಗೆ ಒಳಗೆ ಎಳೆದುಕೊಳ್ಳುತ್ತದೆ, ಅಂದರೆ ಹೊರಗಿನ ಬಿಸಿಗಾಳಿ ಬೆರೆಯುತ್ತಿದೆ. ಎರಡನೆಯದು ಜಾಸ್ತಿ ಕಾಟ. ಏಪ್ರಿಲ್‌ನಲ್ಲಿ ಪಾವಗಡದ ಕಡೆ ಹೋದವರಿಗೆ ಗೊತ್ತು.

ಡಕ್ಟ್ ಸಿಗಲ್ಲ ಅನ್ನುವುದು ನಿಜವೇ. ಆದರೆ ಮಾಡಿಕೊಳ್ಳಬಹುದು. ಮೊದಲು ಅದು ಯಾವ ಪ್ಲಾಸ್ಟಿಕ್ ಅಂತ ತಿಳಿಯಬೇಕು. ಒಂದು ಚೂರು ಮುರಿದು ನೀರಿನ ಲೋಟಕ್ಕೆ ಹಾಕಿ. ತೇಲಿದರೆ ಬಹುಮಟ್ಟಿಗೆ ಪಾಲಿಪ್ರೊಪಿಲೀನ್, ಅದಕ್ಕೆ ಮಾಮೂಲಿ ಅಂಟು ಹಿಡಿಯುವುದಿಲ್ಲ, ಪ್ಲಾಸ್ಟಿಕ್ ವೆಲ್ಡಿಂಗೇ ಗತಿ. ಮುಳುಗಿದರೆ ಎಬಿಎಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಇರಬಹುದು. ಒಂದು ತೊಟ್ಟು ಅಸಿಟೋನ್ ಬಿಟ್ಟಾಗ ಅಂಟಂಟಾದರೆ ಬಹುಮಟ್ಟಿಗೆ ಎಬಿಎಸ್ಸೇ. ಅದೇ ಜಾತಿಯ ಚೂರುಗಳನ್ನು ಅಸಿಟೋನ್‌ನಲ್ಲಿ ಕರಗಿಸಿ, ದೋಸೆ ಹಿಟ್ಟಿನ ಹದಕ್ಕೆ ತಂದು ಬಿರುಕಿಗೆ ಬಳಿಯಿರಿ. ಒಣಗಿದ ಮೇಲೆ ಒಂದೇ ತುಂಡಾಗುತ್ತದೆ. ಎಂ-ಸೀಲ್ ಮೆತ್ತಿ ತರಬೇಡಿ, ಅದನ್ನು ಕೆರೆದು ತೆಗೆಯುವುದರಲ್ಲೇ ನನ್ನ ಅರ್ಧ ದಿನ ಹೋಗುತ್ತದೆ.

ಪೂರ್ತಿ ಪುಡಿಯಾಗಿದ್ದರೆ ಥರ್ಮೋಕೋಲ್‌ನಲ್ಲಿ ಅದೇ ಆಕಾರ ಕೆತ್ತಿ, ಮೇಲೆ ಎರಡು ಪದರ ಫೈಬರ್ ಬಟ್ಟೆ ಸುತ್ತಿ ಎಪಾಕ್ಸಿ ಬಳಿಯಬೇಕು. ಗಟ್ಟಿಯಾದ ಮೇಲೆ ಒಳಗೆ ಅಸಿಟೋನ್ ಹುಯ್ದರೆ ಥರ್ಮೋಕೋಲ್ ಕರಗಿ ಹೋಗುತ್ತದೆ, ಟೊಳ್ಳು ಡಕ್ಟ್ ಉಳಿಯುತ್ತದೆ. ಬಯಲಿನಲ್ಲಿ ಮಾಡಿ, ಬೀಡಿ ಸಿಗರೇಟು ದೂರ ಇರಲಿ. ಟಿಂಕರಿಂಗ್ ಶೆಡ್ಡುಗಳಲ್ಲಿ ಸಿಗುವ ಅಗ್ಗದ ಪಾಲಿಯೆಸ್ಟರ್ ರೆಸಿನ್ ಬೇಡ. ನಾನು ಮೊದಲ ಸಲ ಅದನ್ನೇ ಬಳಿದೆ. ಎರಡು ದಿನ ಕೂತು ಕೆತ್ತಿದ್ದ ಅಚ್ಚನ್ನು ಅದು ಕಣ್ಣೆದುರೇ ತಿಂದು ಹಾಕಿತು.

ಬಾತ್‌ರೂಮಿನ ಪಿವಿಸಿ ಪೈಪ್ ಹಾಕಬಹುದಾ ಅಂತಲೂ ಕೇಳುತ್ತಾರೆ. ಎಸಿಗಷ್ಟೇ ಆದರೆ ಹೇಗೋ ನಡೆಯುತ್ತದೆ. ಹೀಟರ್ ಗಾಳಿಗೆ ಪಿವಿಸಿ ಮೆತ್ತಗಾಗಿ ಸೊಟ್ಟಗಾಗುತ್ತದೆ.

ಹೀಟರ್ ಅಂದೆ ನೋಡಿ, ಅದನ್ನು ಯಾರೂ ಕೇಳುವುದೇ ಇಲ್ಲ. ಹಳೆ ಕಾರುಗಳಲ್ಲಿ ಹೀಟರ್ ಕೋರ್, ಅಂದರೆ ಇಂಜಿನ್‌ನ ಬಿಸಿನೀರು ಹರಿಯುವ ಪುಟ್ಟ ರೇಡಿಯೇಟರ್, ಸೋರಿದರೆ "ನಮ್ಮೂರಲ್ಲಿ ಹೀಟರ್ ಯಾಕೆ ಸಾರ್" ಅಂತ ಮೆಕ್ಯಾನಿಕ್‌ಗಳು ಅದನ್ನು ಬೈಪಾಸ್ ಮಾಡಿಬಿಡುತ್ತಿದ್ದರು. ಹೀಟರ್ ಪೆಟ್ರೋಲ್ ಕುಡಿಯುತ್ತದೆ ಅಂತ ಇನ್ನೊಂದು ಸುಳ್ಳು ಬೇರೆ. ಇಂಜಿನ್ ಹೇಗೂ ರೇಡಿಯೇಟರ್‌ನಿಂದ ಹೊರಗೆ ಚೆಲ್ಲುವ ಬಿಸಿಯದು, ಪುಕ್ಕಟೆ. ಹೀಟರ್ ಇರುವುದು ಕಾಲು ಬೆಚ್ಚಗಿಡಲು ಮಾತ್ರವೂ ಅಲ್ಲ. ಡಿಸೆಂಬರ್ ಬೆಳಗ್ಗೆ ದೇವರಾಯನದುರ್ಗ ಹತ್ತುವಾಗ ನಾಲ್ಕು ಜನರ ಉಸಿರಿಗೆ ಮುಂದಿನ ಗಾಜು ಒಳಗಿನಿಂದ ಮಂಜಾಗುತ್ತದೆ, ಅಲ್ವಾ? ಎಸಿ ಇದ್ದರೆ ಅದು ಗಾಳಿಯ ತೇವ ಹೀರಿ ಗಾಜು ತಿಳಿ ಮಾಡುತ್ತದೆ. ಎಸಿ ಇಲ್ಲದ ಅಂಬಾಸಿಡರ್‌ನಲ್ಲಿ ಆ ಕೆಲಸಕ್ಕೆ ಇರುವುದು ಹೀಟರ್, ಮತ್ತೆ ಗಾಜಿನ ಬುಡಕ್ಕೆ ಹೋಗುವ ಎರಡು ಸಣ್ಣ ಕೊಳವೆ. ಹೀಟರ್ ಬೈಪಾಸ್ ಆದರೆ ಕೈಗೆ ಬಟ್ಟೆ ತಗೊಂಡು ಒರೆಸುತ್ತಾ ತಿರುವು ದಾಟಬೇಕು.

ನಿಮ್ಮ ಕಾರಿನ ಬಾನೆಟ್ ಎತ್ತಿ ನೋಡಿ. ಇಂಜಿನ್‌ನಿಂದ ಹೊರಟ ರಬ್ಬರ್ ಪೈಪು ಡ್ಯಾಶ್‌ಬೋರ್ಡಿನ ಗೋಡೆಯೊಳಗೆ ಹೋಗದೆ, ಅಲ್ಲೇ ಬಳಸಿ ಇಂಜಿನ್‌ಗೇ ಮರಳಿದ್ದರೆ ನಿಮ್ಮದೂ ಅದೇ ಕಥೆ. ಕೋರ್ ತಾಮ್ರದ್ದಾಗಿದ್ದರೆ ಬಿಚ್ಚಿ ರೇಡಿಯೇಟರ್ ಅಂಗಡಿಗೆ ಕೊಡಿ, ಬೆಸುಗೆ ಹಾಕುತ್ತಾರೆ.